ಗ್ಲೌಸ್ ಬಂದಿದ್ದು ಯಾರ ಕೈ ಕಾಯೋಕೆ?

ಬಳ್ಳಾರಿಯ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಒಂದು ರಾತ್ರಿ ಕಳೆದಿದ್ದರೆ ನೀವೂ ಇದನ್ನು ನೋಡಿರಬಹುದು. ಗ್ಲೌಸ್ ಹಾಕಿಕೊಂಡು ಒಬ್ಬರ ರಕ್ತ ತೆಗೆಯುತ್ತಾರೆ, ಅದೇ ಗ್ಲೌಸಲ್ಲಿ ಪೆನ್ ಹಿಡಿದು ಕೇಸ್ ಶೀಟ್ ಬರೆಯುತ್ತಾರೆ, ಪಕ್ಕದ ಮಂಚದವರ ಡ್ರಿಪ್ ಸರಿ ಮಾಡುತ್ತಾರೆ. ಗ್ಲೌಸ್ ಇದೆಯಲ್ಲ ಅಂತ ನಮಗೂ ಸಮಾಧಾನ. ಆದರೆ ಅದು ಆಗ ಕಾಯುತ್ತಿರುವುದು ಹಾಕಿಕೊಂಡವರನ್ನು ಮಾತ್ರ, ಮಲಗಿದವರನ್ನಲ್ಲ.

ಕೈ ತೊಳೆಯುವ ನಿಯಮ ಹುಟ್ಟಿದ್ದೇ ರೋಗಿಗಾಗಿ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರು ನೋಡಿಕೊಳ್ಳುವ ಕಡೆ ಬಾಣಂತಿಯರ ಸಾವು ಕಡಿಮೆ, ವೈದ್ಯ ವಿದ್ಯಾರ್ಥಿಗಳಿರುವ ಕಡೆ ಜಾಸ್ತಿ. ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಾರೆ, ಅದೇ ಕಾರಣ ಅಂತ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಪತ್ತೆ ಹಚ್ಚಿದರು. ಕ್ಲೋರಿನ್ ನೀರಲ್ಲಿ ಕೈ ತೊಳೆದೇ ಒಳಗೆ ಬನ್ನಿ ಎಂದರು. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಇಳಿಯಿತು! ಆದರೂ ದೊಡ್ಡ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ತಮ್ಮ ಕೈಯೇ ತಾಯಂದಿರನ್ನು ಕೊಂದಿತು ಎಂಬುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಸೆಮ್ಮೆಲ್‌ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡರು. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಗ್ಲೌಸ್ ಕತೆ ಬೇರೆ. 1889ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್‌ಗೆ ಕೈ ತೊಳೆಯುವ ಪಾದರಸದ ದ್ರಾವಣದಿಂದ ಚರ್ಮವೆಲ್ಲ ಕೆಟ್ಟುಹೋಗಿತ್ತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್, ಗುಡ್‌ಇಯರ್ ಕಂಪನಿಗೆ ಹೇಳಿ ತೆಳ್ಳನೆಯ ರಬ್ಬರ್ ಗ್ಲೌಸ್ ಮಾಡಿಸಿಕೊಟ್ಟರು. ಉಳಿಯಬೇಕಿದ್ದದ್ದು ನರ್ಸ್ ಕೈ. ಆಪರೇಷನ್ ಆದವರಿಗೆ ಸೋಂಕು ಕಡಿಮೆಯಾಗುತ್ತದೆ ಅಂತ ಗೊತ್ತಾಗಿದ್ದು ಆಮೇಲೆ. 1980ರ ದಶಕದಲ್ಲಿ ಎಚ್‌ಐವಿ ಭಯ ಬಂತು. ಯಾರ ರಕ್ತವನ್ನಾದರೂ ಸೋಂಕಿದೆ ಅಂದುಕೊಂಡೇ ಮುಟ್ಟಿ ಎಂದು 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿತು. ಗ್ಲೌಸ್ ವಾರ್ಡಿಗೂ ಬಂತು, ಕೊರೋನಾ ಬಂದ ಮೇಲಂತೂ ಕೇಳಲೇಬೇಡಿ. ನನ್ನನ್ನು ಕಾಯುತ್ತದೆ ಎಂಬ ನಂಬಿಕೆಯಿಂದ ಹಾಕಿದ್ದನ್ನು ಮಂಚ ಮಂಚಕ್ಕೂ ಬಿಚ್ಚಬೇಕು ಅಂತ ಯಾರಿಗಾದರೂ ಹೊಳೆಯೋದು ಕಷ್ಟ ಅಲ್ವಾ?

ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು. ಬಿಚ್ಚುವಾಗ ಹೊರಗಿನ ಕೊಳೆ ಕೈಗೆ ತಗಲುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ, ಗ್ಲೌಸ್ ಹಾಕಿದ್ದರೂ ಬಿಚ್ಚಿದ ಮೇಲೆ ಕೈ ಶುಚಿ ಮಾಡಲೇಬೇಕು ಎಂದಿತು.

ಸಿಸ್ಟರ್‌ಗಳನ್ನಷ್ಟೇ ಬೈಯೋದು ಸರಿಯಲ್ಲ. ಒಬ್ಬರೇ ಇಡೀ ವಾರ್ಡ್ ನೋಡಬೇಕು, ನಲ್ಲಿ ಇರೋದು ಆ ಕೊನೆಗೆ. ನಮ್ಮ ಬಳ್ಳಾರಿ ಬಿಸಿಲಲ್ಲಿ ಬೆವರಿದ ಕೈಯಿಂದ ಗ್ಲೌಸ್ ಕಿತ್ತು, ಒರೆಸಿಕೊಂಡು, ಇನ್ನೊಂದು ಜೊತೆ ಏರಿಸುವಷ್ಟರಲ್ಲಿ ನಾಲ್ಕು ಮಂದಿ ಕರೆದಿರುತ್ತಾರೆ. ಕೈಗೆ ರಕ್ತ, ಕೊಳೆ ಹತ್ತಿದ್ದರೆ ಸೋಪು ನೀರು ಬೇಕೇ ಬೇಕು. ಉಳಿದ ಹೊತ್ತಲ್ಲಿ ಸ್ಪಿರಿಟ್ ಇರುವ ಹ್ಯಾಂಡ್‌ರಬ್ ಸಾಕು, 20ರಿಂದ 30 ಸೆಕೆಂಡ್ ಉಜ್ಜಿದರಾಯಿತು. ಅದನ್ನು ಆಸ್ಪತ್ರೆಯಲ್ಲೇ ತಯಾರಿಸುವ ವಿಧಾನವನ್ನೂ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿದೆ. ಗ್ಲೌಸ್ ಡಬ್ಬಿ ತರಿಸುವ ಆಡಳಿತದವರು ಮಂಚಕ್ಕೊಂದು ಹ್ಯಾಂಡ್‌ರಬ್ ಬಾಟಲಿಯನ್ನೂ ಇಡಿಸಲಿ.