ಗೇಮ್‌ಗಾಗಿ ಕಟ್ಟಿದ ಲಿಪಿ ಮಧ್ಯಯುಗದ ಬರಹದಂತೆ ಕಾಣಲು ಏನು ಮಾಡಬೇಕು?

ಪ್ರಶ್ನೆ: ಯುರೋಪಿನ ಮಧ್ಯಯುಗವನ್ನು ಹೋಲುವ ಕಲ್ಪನಾಲೋಕದ ಗೇಮ್ ಒಂದಕ್ಕಾಗಿ ನಾವು ಹೊಸ ಲಿಪಿಯೊಂದನ್ನು ರಚಿಸಿದ್ದೇವೆ. ಅಕ್ಷರಗಳನ್ನು ಬಿಡಿಬಿಡಿಯಾಗಿ ನೋಡಿದರೆ ಚೆನ್ನಾಗಿವೆ. ಪುಟ ತುಂಬ ಬರೆದಾಗ ಮಾತ್ರ ಅದು ಹಳೆಯ ಗ್ರಂಥದಂತೆ ಕಾಣುವುದಿಲ್ಲ. ಏನನ್ನು ಬದಲಿಸಬೇಕು?

ಉತ್ತರ: ನಿಮ್ಮ ಅಕ್ಷರಗಳನ್ನು ಪರದೆಯ ಮೇಲೆ ಚಿತ್ರದಂತೆ ಬಿಡಿಸಿರಬಹುದು, ಮಧ್ಯಯುಗದ ಲಿಪಿಕಾರನಾದರೋ ಅವನ್ನು ಬರೆಯುತ್ತಿದ್ದನು, ಅದೂ ದಿನವಿಡೀ, ಪುಟದ ಮೇಲೆ ಪುಟ. ಅವನ ಕೈಯಲ್ಲಿದ್ದುದು ತುದಿಯನ್ನು ಚಪ್ಪಟೆಯಾಗಿ ಕತ್ತರಿಸಿದ ಹೆಬ್ಬಾತಿನ ಗರಿ. ಅದನ್ನು ಒಂದೇ ಓರೆಯಲ್ಲಿ ಹಿಡಿದು ಕೆಳಕ್ಕೆಳೆದರೆ ದಪ್ಪ ಗೆರೆಯೂ ತುದಿಯ ಅಂಚಿನ ದಿಕ್ಕಿಗೇ ಸರಿಸಿದರೆ ಕೂದಲೆಳೆಯಂಥ ಗೆರೆಯೂ ಮೂಡುತ್ತವೆ. ಮೇಲಕ್ಕೆ ತಳ್ಳಿದರೆ ಗರಿ ಚರ್ಮದ ಹಾಳೆಗೆ ಸಿಕ್ಕಿ ಮಸಿ ಸಿಡಿಯುತ್ತದೆ. ಆದುದರಿಂದ ಅಗಲ ಮೊನೆಯ ಪೆನ್ನೊಂದನ್ನು ಹಿಡಿದು ನಿಮ್ಮ ಪ್ರತಿ ಅಕ್ಷರವನ್ನೂ ಕೈ ದಣಿಯುವವರೆಗೆ ವೇಗವಾಗಿ ಬರೆದು ನೋಡಿ. ದಣಿದ ಕೈ ಯಾವ ಸುರುಳಿಯನ್ನು ಬಿಟ್ಟುಬಿಡುತ್ತದೆಯೋ, ಯಾವ ಎರಡು ಗೆರೆಗಳನ್ನು ಒಂದಾಗಿಸುತ್ತದೆಯೋ, ಅದನ್ನೇ ಒಪ್ಪಿಕೊಳ್ಳಿ.

ಎರಡನೆಯ ಸಂಗತಿ, ಅಕ್ಷರಗಳ ನಡುವಿನ ನಂಟು. ಹೊಸ ಲಿಪಿ ಕಟ್ಟುವವರು ಒಂದಕ್ಕೆ ಕೊಂಬು, ಇನ್ನೊಂದಕ್ಕೆ ಚುಕ್ಕೆ, ಮತ್ತೊಂದಕ್ಕೆ ಬಾಲವೆಂದು ಪ್ರತಿ ಅಕ್ಷರವೂ ಬೇರೆಯಾಗಿ ಕಾಣುವಂತೆ ಶ್ರಮಿಸುತ್ತಾರೆ. ಹನ್ನೆರಡನೆಯ ಶತಮಾನದಿಂದ ಹಬ್ಬಿದ ಗೋಥಿಕ್ ಗ್ರಂಥಲಿಪಿಯಲ್ಲಿ ಆದುದು ಇದಕ್ಕೆ ವಿರುದ್ಧ. ಅಲ್ಲಿ ಲ್ಯಾಟಿನ್ನಿನ ಐ, ಎನ್, ಎಮ್, ಯು ಅಕ್ಷರಗಳೆಲ್ಲವೂ ಒಂದೇ ಕಿರು ಲಂಬಗೆರೆಯ ಪುನರಾವರ್ತನೆಗಳು. 'ಮಿನಿಮಮ್' ಎಂಬ ಲ್ಯಾಟಿನ್ ಪದವನ್ನು ಆ ಲಿಪಿಯಲ್ಲಿ ಬರೆದರೆ ಸಾಲಾಗಿ 15 ಲಂಬಗೆರೆಗಳು ನಿಲ್ಲುತ್ತವೆ. ಐ ಅಕ್ಷರ ಎಲ್ಲಿದೆಯೆಂದು ತೋರಿಸಲು ಅದರ ನೆತ್ತಿಯ ಮೇಲೆ ಸಣ್ಣ ಓರೆಗೀಟನ್ನು ಎಳೆಯುವ ರೂಢಿ ಬಂದುದೇ ಈ ಗೊಂದಲದಿಂದ. ಓದಲು ಕಷ್ಟವಾದರೂ ಪುಟ ಮಾತ್ರ ನೇಯ್ದ ಬಟ್ಟೆಯಂತೆ ಸಮನಾಗಿ ಕಪ್ಪಾಗಿರುತ್ತದೆ. ನಿಮ್ಮ ಪುಟದಲ್ಲಿ ಇಲ್ಲದಿರುವುದು ಬಹುಶಃ ಈ ಸಮತೆಯೇ. ನಾಲ್ಕೈದು ಮೂಲಗೆರೆಗಳನ್ನು ಆರಿಸಿಕೊಂಡು ಇಡೀ ಅಕ್ಷರಮಾಲೆಯನ್ನು ಅವುಗಳಿಂದಲೇ ಕಟ್ಟಿ.

ಕಲ್ಪಿತವೆಂದೇ ತೋರುವ ಲಿಪಿಗಳಿಗೆ ಮಧ್ಯಯುಗದಲ್ಲೇ ಉದಾಹರಣೆಗಳಿವೆ. ಹನ್ನೆರಡನೆಯ ಶತಮಾನದ ಜರ್ಮನ್ ಸಂನ್ಯಾಸಿನಿ ಹಿಲ್ಡೆಗಾರ್ಡ್ 23 ಹೊಸ ಅಕ್ಷರಗಳನ್ನು ರೂಪಿಸಿದ್ದಳು. ಪಟ್ಟಿಯಾಗಿ ಉಳಿದಿರುವ ಅವು ನಿಮ್ಮ ಅಕ್ಷರಗಳಂತೆಯೇ ಬಿಡಿಬಿಡಿಯಾಗಿ ನಿಂತಿವೆ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ವಾಯ್ನಿಚ್ ಹಸ್ತಪ್ರತಿ. ಇಂಗಾಲದ ಪರೀಕ್ಷೆಯ ಪ್ರಕಾರ ಅದರ ಚರ್ಮದ ಹಾಳೆಗಳು 1404 ಮತ್ತು 1438ರ ನಡುವಿನವು. ಇದುವರೆಗೂ ಒಪ್ಪುವಂತೆ ಯಾರೂ ಅದನ್ನು ಓದಿಲ್ಲ. ಆದರೂ ಕಂಡೊಡನೆ ಅದು ಬರಹವೆಂದು ಕಣ್ಣು ಒಪ್ಪುತ್ತದೆ. ಕೈ ತಡವರಿಸದೆ ಓಡಿದೆ. ಎತ್ತರದ ಕೆಲವು ಅಕ್ಷರಗಳು ಪರಿಚ್ಛೇದಗಳ ಆರಂಭದಲ್ಲಿ ಹೆಚ್ಚಾಗಿ ಬರುತ್ತವೆ. 9 ಅಂಕಿಯನ್ನು ಹೋಲುವ ಚಿಹ್ನೆ ಪದಗಳ ಕೊನೆಯಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಲ್ಯಾಟಿನ್ ಲಿಪಿಕಾರರು ಪದಾಂತ್ಯದ 'ಉಸ್' ಎಂಬುದನ್ನು ಅಂಥದೇ ಚಿಹ್ನೆಯಿಂದ ಚಿಕ್ಕದು ಮಾಡುತ್ತಿದ್ದರು.

ಈ ಸಂಕ್ಷೇಪಗಳನ್ನು ಖಂಡಿತವಾಗಿ ಅಳವಡಿಸಿಕೊಳ್ಳಿ. ಚರ್ಮದ ಹಾಳೆ ದುಬಾರಿ, ಸಮಯವೂ ಅಷ್ಟೇ. ಆದ್ದರಿಂದ ಬಿಟ್ಟ ಎಮ್ ಅಥವಾ ಎನ್ ಬದಲಿಗೆ ಹಿಂದಿನ ಅಕ್ಷರದ ಮೇಲೊಂದು ಅಡ್ಡಗೆರೆ, 'ಪೆರ್' ಎಂಬುದಕ್ಕೆ ಕಾಲಿಗೆ ಅಡ್ಡಗೆರೆ ಎಳೆದ ಒಂದೇ ಪಿ, 'ಮತ್ತು' ಎಂಬುದಕ್ಕೆ 7ರಂಥ ಚಿಹ್ನೆ. ಸಾಲಿನ ಕೊನೆಯಲ್ಲಿ ಜಾಗ ಸಾಲದಾದಾಗ ಇವು ಇನ್ನೂ ಹೆಚ್ಚಾಗಿ ಬರಬಹುದು. ಇಂಗ್ಲಿಷಿನ 26 ಅಕ್ಷರಗಳಿಗೆ 26 ಗುರುತುಗಳನ್ನು ಹಚ್ಚಿದ ಲಿಪಿಯನ್ನು ಆಟಗಾರರು ಒಂದು ಸಂಜೆಯಲ್ಲಿ ಬಿಡಿಸುತ್ತಾರೆ. ಸಂಕ್ಷೇಪಗಳಿದ್ದರೆ ಅದಕ್ಕೂ ತುಸು ತಡೆಯಾಗುತ್ತದೆ.

ಇದನ್ನು ಫಾಂಟ್‌ಗೆ ತರುವುದು ಕಷ್ಟವಲ್ಲ. ಕನ್ನಡದ ಒತ್ತಕ್ಷರಗಳನ್ನು ಜೋಡಿಸುವ ಓಪನ್‌ಟೈಪ್ ನಿಯಮಗಳೇ ಇಲ್ಲಿಯೂ ಸಾಕು: ದುಂಡಾದ ಎರಡು ಅಕ್ಷರಗಳು ಅಕ್ಕಪಕ್ಕ ಬಂದರೆ ಹೊಟ್ಟೆಗಳು ಅಂಟಿಕೊಳ್ಳುವಂತೆ, ಪದದ ಕೊನೆಯಲ್ಲಿ ಬೇರೆ ರೂಪ ಬರುವಂತೆ, ಹೆಚ್ಚು ಬಳಕೆಯ ಅಕ್ಷರಕ್ಕೆ ಮೂರು ರೂಪಗಳು ಸರದಿಯಲ್ಲಿ ತಿರುಗುವಂತೆ ಬರೆದಿಡಬಹುದು.

ಹಾಳೆಯ ಬಣ್ಣದ ವಿಷಯದಲ್ಲಿ ನನಗೆ ತಕರಾರಿದೆ. ಗೇಮ್‌ಗಳಲ್ಲಿ ದೊರೆ ನಿನ್ನೆ ಬರೆಸಿದ ಓಲೆಯೂ ಅಂಚು ಸುಟ್ಟು, ಕಾಫಿ ಚೆಲ್ಲಿದಂತಿರುತ್ತದೆ. ಒಳ್ಳೆಯ ಚರ್ಮದ ಹಾಳೆ ಕೆನೆಬಿಳುಪಿನದು. ಮಾಚಿಕಾಯಿ, ಅನ್ನಭೇದಿ, ಗೋಂದು ಸೇರಿಸಿ ಮಾಡಿದ ಮಸಿ ಬರೆಯುವಾಗ ಮಾಸಲಾಗಿದ್ದು ಗಾಳಿ ತಾಗಿದ ಮೇಲೆ ಕಪ್ಪಾಗುತ್ತದೆ. ಕಂದು ಬಣ್ಣಕ್ಕೆ ತಿರುಗುವುದು ಎಷ್ಟೋ ಕಾಲದ ನಂತರ. ಕಂದು ಮಸಿಯನ್ನು ಕಥೆಯೊಳಗೇ ಪುರಾತನವಾದ ಗ್ರಂಥಕ್ಕೆ ಮೀಸಲಿಡಿ. ಎಲ್ಲ ಬರಹಕ್ಕೂ ಒಂದೇ ಶೈಲಿಯನ್ನು ಬಳಸುವುದೂ ಸಲ್ಲದು: ಪ್ರಾರ್ಥನಾ ಗ್ರಂಥಕ್ಕೆ ನಿಧಾನದ ನೆಟ್ಟಗಿನ ಅಕ್ಷರ, ಉಗ್ರಾಣದ ಲೆಕ್ಕಕ್ಕೆ ಕೂಡಿಸಿ ಗೀಚಿದ ಅಕ್ಷರ, ರಾಜಶಾಸನದ ಮೊದಲ ಸಾಲಿಗೆ ಬೇಕೆಂದೇ ಎಳೆದು ಉದ್ದ ಮಾಡಿದ ಅಕ್ಷರ. ಸಾಲುಗಳಿಗಾಗಿ ಎಳೆದ ಮಸುಕು ಗೀಟುಗಳನ್ನೂ ಅಂಚಿನ ಸೂಜಿತೂತುಗಳನ್ನೂ ಅಳಿಸದೆ ಬಿಡಿ.

ಕಲ್ಲು, ಮರಗಳ ಮೇಲಿನ ಬರಹಕ್ಕೆ ಗರಿಯ ದಪ್ಪ-ತೆಳು ಗೆರೆಗಳನ್ನು ಹಾಗೆಯೇ ಒಯ್ಯಬೇಡಿ. ಉತ್ತರ ಯುರೋಪಿನಲ್ಲಿ ಕೊರೆದು ಬರೆಯುತ್ತಿದ್ದ ರೂನ್ ಎಂಬ 24 ಹಳೆಯ ಅಕ್ಷರಗಳಲ್ಲಿ ಅಡ್ಡಗೆರೆಗಳಿಲ್ಲದಿರುವುದಕ್ಕೆ, ಮರದ ಎಳೆಯ ಉದ್ದಕ್ಕೆ ಕೊರೆದ ಗೆರೆ ಸರಿಯಾಗಿ ಕಾಣುವುದಿಲ್ಲವೆಂಬ ಕಾರಣವನ್ನು ವಿದ್ವಾಂಸರು ಕೊಡುತ್ತಾರೆ. ನಿಮ್ಮ ಲೋಕದ ನಕಾಶೆಯಲ್ಲಿ ತಾಳೆಮರಗಳ ದಕ್ಷಿಣ ದೇಶವೂ ಇದ್ದರೆ, ನಮ್ಮ ಹಳೆಯ ಓಲೆಗರಿಗಳನ್ನು ನೋಡಿ: ಕಂಟದಿಂದ ಕೊರೆದು ಕಾಡಿಗೆ ತೀಡಿದ ಗೆರೆಗಳು ಒಂದೇ ದಪ್ಪದವು, ಅಕ್ಷರಗಳು ದುಂಡು, ಪದಗಳ ನಡುವೆ ತೆರಪಿಲ್ಲ, ದಾರ ಪೋಣಿಸುವ ತೂತಿನ ಸುತ್ತ ಮಾತ್ರ ಖಾಲಿ ಜಾಗ.