ಅಳಿಸಿದ ಪೋಸ್ಟ್‌ಗೆ ಆದೇಶವಿದೆ, ಬರೆದವರಿಗೆ ನೋಟಿಸ್ ಇಲ್ಲ

ಸರ್ಕಾರದ ಆದೇಶದಿಂದ ಒಂದು ಪೋಸ್ಟ್ ಭಾರತದಲ್ಲಿ ಕಾಣದಂತಾದಾಗ, ಆ ಆದೇಶದ ಪ್ರತಿ ಬರೆದವರ ಕೈಗೆ ಸಿಗುವುದು ಅಪರೂಪ. ಕಂಪನಿಗಳು ಮತ್ತು ಸರ್ಕಾರದ ಜಟಾಪಟಿಯ ಸುದ್ದಿಯಲ್ಲಿ ಈ ಅನ್ಯಾಯವೇ ಮರೆಯಾಗುತ್ತಿದೆ.

ಬಾಝೀ ಡಾಟ್ ಕಾಮ್ ಎಂಬ ಹರಾಜು ಜಾಲತಾಣದಲ್ಲಿ ಯಾರೋ ಅಶ್ಲೀಲ ವಿಡಿಯೊ ಮಾರಾಟಕ್ಕಿಟ್ಟಿದ್ದಕ್ಕೆ 2004ರಲ್ಲಿ ಕಂಪನಿಯ ಮುಖ್ಯಸ್ಥರೇ ಬಂಧನಕ್ಕೊಳಗಾದರು. ಬೇರೆಯವರು ಹಾಕಿದ್ದಕ್ಕೆ ಜಾಲತಾಣ ಹೊಣೆಯೇ ಎಂಬ ಚರ್ಚೆ ಎದ್ದಿತು. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 2008ರ ತಿದ್ದುಪಡಿ 79ನೇ ಸೆಕ್ಷನ್ನಿನಡಿ, ಬೇರೆಯವರು ಹಾಕಿದ್ದಕ್ಕೆ ಹೊಣೆಯಾಗದಂತೆ ಜಾಲತಾಣಗಳಿಗೆ ಷರತ್ತಿನ ರಕ್ಷಣೆ ಕೊಟ್ಟಿತು. ಜೊತೆಗೆ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದವರನ್ನು ಶಿಕ್ಷಿಸುವ 66ಎ, ಪೋಸ್ಟ್‌ಗಳನ್ನು ಬ್ಲಾಕ್ ಮಾಡಿಸುವ 69ಎ ಸೆಕ್ಷನ್‌ಗಳನ್ನೂ ತಂದಿತು. ಬಾಳ್ ಠಾಕ್ರೆ ನಿಧನಾನಂತರದ ಬಂದ್ ಪ್ರಶ್ನಿಸಿದ ಪೋಸ್ಟ್‌ಗಾಗಿ 2012ರಲ್ಲಿ ಪಾಲ್ಘರ್‌ನ ಇಬ್ಬರು ಯುವತಿಯರನ್ನು ಬಂಧಿಸಲು ಬಳಕೆಯಾಗಿದ್ದು 66ಎ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿತು.

69ಎ ಮಾತ್ರ ಉಳಿಯಿತು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕೆಲವೇ ಕಾರಣಗಳಿಗೆ ಬ್ಲಾಕ್ ಮಾಡಬಹುದು, ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬ ರಕ್ಷಣೆಗಳನ್ನು ನೋಡಿಯೇ ನ್ಯಾಯಾಲಯ ಅದನ್ನು ಎತ್ತಿಹಿಡಿದಿತ್ತು. ಆದರೆ 2009ರ ಬ್ಲಾಕಿಂಗ್ ನಿಯಮಗಳ 16ನೇ ನಿಯಮ ದೂರನ್ನೂ ಕ್ರಮವನ್ನೂ ಗೋಪ್ಯವಾಗಿಡಬೇಕು ಎನ್ನುತ್ತದೆ. ಕಣ್ಣಿಗೇ ಬೀಳದ ಆದೇಶವನ್ನು ಪ್ರಶ್ನಿಸುವುದು ಹೇಗೆ?

2021ರ ಫೆಬ್ರುವರಿಯಲ್ಲಿ, ರೈತರ ಪ್ರತಿಭಟನೆಯ ಹೊತ್ತಿನಲ್ಲಿ, ಸರ್ಕಾರದ ಆದೇಶದಂತೆ ಟ್ವಿಟರ್ ಸುಮಾರು 250 ಖಾತೆಗಳನ್ನು ತಡೆಹಿಡಿದು ಕೆಲವೇ ಗಂಟೆಗಳಲ್ಲಿ ಮರಳಿಸಿತು. ಸರ್ಕಾರ ಕೆರಳಿತು. ಅದೇ ತಿಂಗಳು ಹೊಸ ಐಟಿ ನಿಯಮಗಳೂ ಬಂದವು. ಮರುವರ್ಷ ಬ್ಲಾಕ್ ಆದೇಶಗಳ ವಿರುದ್ಧ ಟ್ವಿಟರ್ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, 50 ಲಕ್ಷ ರೂಪಾಯಿ ದಂಡವೂ ಬಿತ್ತು.

ಆಮೇಲೆ ಬಂದದ್ದು ‘ಸಹಯೋಗ್’ ಪೋರ್ಟಲ್. 69ಎಯ ಸಮಿತಿ, ಪರಿಶೀಲನೆಗಳ ದಾರಿ ಬಿಟ್ಟು, ಸರ್ಕಾರದ ಸೂಚನೆ ಬಂದಮೇಲೂ ತೆಗೆಯದಿದ್ದರೆ ಜಾಲತಾಣದ ರಕ್ಷಣೆ ಹೋಗುತ್ತದೆ ಎನ್ನುವ 79(3)(ಬಿ) ಅಡಿ ಕೇಂದ್ರದ ಇಲಾಖೆಗಳೂ ರಾಜ್ಯಗಳ ಪೊಲೀಸರೂ ನೇರವಾಗಿ ತೆಗೆದುಹಾಕುವ ಸೂಚನೆ ಕಳಿಸಬಹುದು. ಆ ಹೊತ್ತಿಗೆ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಟ್ವಿಟರ್ ಇದನ್ನು ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ಹೈಕೋರ್ಟ್ ಆ ಅರ್ಜಿಯನ್ನೂ ತಳ್ಳಿಹಾಕಿತು. 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರಿಗಷ್ಟೇ, ವಿದೇಶಿ ಕಂಪನಿಗಲ್ಲ ಎಂದಿತು.

ಸಂವಿಧಾನದ ಪ್ರಕಾರ ಆ ಮಾತು ಸರಿಯೇ ಇರಬಹುದು. ಆದರೆ ಹಕ್ಕಿರುವ ನಾಗರಿಕರಿಗೆ ಆದೇಶ ತಲುಪುವುದಿಲ್ಲ, ಆದೇಶ ತಲುಪುವ ಕಂಪನಿಗೆ ಹಕ್ಕಿಲ್ಲ. ತೀರ್ಪಿನ ಮರುತಿಂಗಳು, 2025ರ ಅಕ್ಟೋಬರ್‌ನಲ್ಲಿ, ಕೇಂದ್ರ ನಿಯಮ ತಿದ್ದಿ, ಇಂಥ ಸೂಚನೆಗಳನ್ನು ಹಿರಿಯ ಅಧಿಕಾರಿಗಳೇ ಕಾರಣ ನಮೂದಿಸಿ ಹೊರಡಿಸಬೇಕು ಎಂದಿತು. ಸ್ವಾಗತಾರ್ಹ ಹೆಜ್ಜೆ. ಆ ಕಾರಣ ಓದಲು ಸಿಗುವುದು ಮಾತ್ರ ಈಗಲೂ ಕಂಪನಿಗೆ.