ಗ್ಯಾಸ್ ಹಾಕಿಸುವ ಮುಂಚೆ ಒಮ್ಮೆ ‘ಲೋ’ಗೆ ಇಟ್ಟು ನೋಡಿ

ಕಾರಿನ ಎಸಿ ತಂಪು ಕೊಡದಿದ್ದರೆ ಎಲ್ಲರೂ ಹೇಳುವುದು ಒಂದೇ ಮಾತು: "ಗ್ಯಾಸ್ ಖಾಲಿಯಾಗಿರಬೇಕು, ಹಾಕಿಬಿಡಿ." ಈ ತಂಪು ಮಾಡುವ ಗ್ಯಾಸ್ ಪೆಟ್ರೋಲ್ ಅಲ್ಲ, ಓಡಿಸಿದಷ್ಟೂ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಹಳೇ ಸೀಲುಗಳಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸೋರಬಹುದು, ನಿಜ. ಆದರೆ ಮೂರು ತಿಂಗಳಿಗೊಮ್ಮೆ ಹಾಕಿಸಬೇಕು ಅಂದರೆ ಒಂದೋ ದೊಡ್ಡ ಲೀಕ್ ಇದೆ, ಇಲ್ಲವೇ ತೊಂದರೆ ಗ್ಯಾಸಿನದಲ್ಲ.

ಹೋದ ಮಳೆಗಾಲದಲ್ಲಿ ಒಬ್ಬರು ನನ್ನ ಗ್ಯಾರೇಜಿಗೆ ಪೋರ್ಷೆ ಬಾಕ್ಸ್‌ಸ್ಟರ್ ಕಾರು ತಂದರು. 986 ಮಾದರಿ, ಎರಡೇ ಸೀಟು, ಬಟ್ಟೆಯ ಟಾಪು. ರಿಟೈರ್ ಆದವರು, ಕಾರನ್ನು ಬೇರೆಯವರಿಂದ ಒರೆಸಿಸುವುದೂ ಇಲ್ಲ. ಬೇರೆ ಕಡೆ ಮೂರು ಸಲ ಗ್ಯಾಸ್ ಹಾಕಿಸಿದ್ದರು. ನಾನು ಎಸಿಯನ್ನು ಎಲ್ಲಕ್ಕಿಂತ ಕೆಳಗಿನ ‘ಲೋ’ಗೆ ಇಟ್ಟೆ. ಐದು ನಿಮಿಷದಲ್ಲಿ ಬೆರಳು ಕೊರೆಯುವಷ್ಟು ತಣ್ಣನೆ ಗಾಳಿ. 22 ಡಿಗ್ರಿಗೆ ಇಟ್ಟೆ. ನಿಧಾನವಾಗಿ ಉಗುರು ಬೆಚ್ಚಗಿನ ಗಾಳಿ ಬರತೊಡಗಿತು.

"ನೋಡಿದ್ರಾ ಸಾರ್, ಗ್ಯಾಸ್ ಚೆನ್ನಾಗೇ ಇದೆ" ಅಂದೆ. ಅವರು ನಂಬಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನ ಎಡವುವುದು ಇಲ್ಲೇ. ಈ ಕಾರಿನಲ್ಲಿ ‘ಲೋ’ ಅಂದರೆ ಲೆಕ್ಕಾಚಾರವಿಲ್ಲದ ಪೂರ್ತಿ ತಂಪು. ಆಗ ಬಿಸಿ-ತಂಪು ಅಳೆಯುವ ಸೆನ್ಸರ್ ಏನು ಹೇಳಿದರೂ ಎಸಿ ನಡೆಸುವ ಎಲೆಕ್ಟ್ರಾನಿಕ್ ಯೂನಿಟ್ ಕಿವಿಗೆ ಹಾಕಿಕೊಳ್ಳುವುದಿಲ್ಲ. 22 ಅಂದರೆ 22 ಡಿಗ್ರಿ ಗಾಳಿ ಊದು ಎಂದಲ್ಲ, ಒಳಗಡೆ 22 ಡಿಗ್ರಿ ಆಗುವಂತೆ ನೋಡಿಕೋ ಎಂದು. ಅದಕ್ಕೆ ಯೂನಿಟ್ ಸೆನ್ಸರ್‌ಗಳನ್ನು ಕೇಳಿ ಕೇಳಿ ಬಿಸಿಗಾಳಿ, ತಣ್ಣನೆ ಗಾಳಿ ಬೆರೆಸುತ್ತದೆ. ಸೆನ್ಸರ್ ಸುಳ್ಳು ಹೇಳಿದರೆ ಬೆರಕೆಯೂ ತಪ್ಪು. ‘ಲೋ’ದಲ್ಲಿ ತಂಪಿದ್ದು 22ರಲ್ಲಿ ಇಲ್ಲ ಅಂದರೆ ಗ್ಯಾಸ್ ಮುಟ್ಟಬೇಡಿ. ಜಾಸ್ತಿ ಗ್ಯಾಸ್ ತುಂಬಿದರೆ ಒತ್ತಡ ಏರಿ ಕಂಪ್ರೆಸರ್‌ಗೇ ಪೆಟ್ಟು. ಗಾಳಿ ಬೆರೆಸುವ ಫ್ಲಾಪಿನ ಮೋಟಾರ್ ಹಿಡಿದುಕೊಂಡಿದ್ದರೂ ಹೀಗಾಗಬಹುದು, ಹಾಗಾಗಿ ನೋಡದೆ ಸೆನ್ಸರ್ ಮೇಲೂ ತಪ್ಪು ಹೊರಿಸುವುದಿಲ್ಲ.

ಈ ಸೆನ್ಸರ್‌ಗಳು ತಣ್ಣಗಾದಷ್ಟೂ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರಿಸುತ್ತವೆ. ಸಾಮಾನ್ಯವಾಗಿ ಸಿಗುವ ಒಂದು ಬಗೆಯದು 25 ಡಿಗ್ರಿಯಲ್ಲಿ 10,000 ಓಮ್ ತೋರಿಸಿದರೆ, ಸೊನ್ನೆ ಡಿಗ್ರಿಯಲ್ಲಿ ಸುಮಾರು 30,000 ತೋರಿಸುತ್ತದೆ. ಈಗ ಕನೆಕ್ಟರ್ ಪಿನ್ನಿಗೆ ಹಸಿರು ಕಿಲುಬು ಹಿಡಿಯಿತು ಅಂದುಕೊಳ್ಳಿ. ಕಿಲುಬಿನ ರೆಸಿಸ್ಟೆನ್ಸೂ ಇದಕ್ಕೆ ಸೇರುತ್ತದೆ. ಯೂನಿಟ್ ಪಾಪ, ಚಳಿಯಾಗಿದೆ ಅಂದುಕೊಂಡು ಬಿಸಿಗಾಳಿ ಬಿಡುತ್ತದೆ. 

ಇವರ ಕಾರಿನಲ್ಲಿ ಆಗಿದ್ದು ಅದೇ. ಕಾಲಿನ ಹತ್ತಿರ ಗಾಳಿ ಬರುವ ಡಕ್ಟ್‌ನಲ್ಲಿರುವ ಸೆನ್ಸರ್ ಬಿಚ್ಚಿ ಬೆರಳುಗಳ ನಡುವೆ ಹಿಡಿದೆ. ಮೈ ಶಾಖಕ್ಕೆ ರೆಸಿಸ್ಟೆನ್ಸ್ ಅಳೆಯುವ ಮೀಟರಿನ ಅಂಕಿ ನುಣ್ಣಗೆ ಇಳಿಯಿತು. ಪ್ಲಾಸ್ಟಿಕ್ ಕವರಿನಲ್ಲಿ ಐಸ್ ತುಂಡಿಟ್ಟು ತಾಗಿಸಿದೆ, ನುಣ್ಣಗೆ ಏರಿತು. ಅಂದರೆ ಸೆನ್ಸರ್ ಒಳ್ಳೆಯದು. ಅದನ್ನೇ ವಾಪಸ್ ಜೋಡಿಸಿ ಎಸಿ ಪ್ಯಾನಲ್ ಕಡೆಯ ಪ್ಲಗ್‌ನಿಂದ ಅಳೆದರೆ ಅಂಕಿ ಸಾವಿರಗಟ್ಟಲೆ ಕುಣಿಯುತ್ತಿತ್ತು. ಮ್ಯಾಟ್ ಎತ್ತಿದರೆ ಕೆಳಗೆ ಒದ್ದೆ. ಈ ಕಾರುಗಳಲ್ಲಿ ನೀರು ಹೋಗುವ ತೂತುಗಳಿಗೆ ಎಲೆ, ಕಸ ಸಿಕ್ಕಿಕೊಂಡರೆ ಮಳೆನೀರು ಒಳಗೆ ಇಳಿಯುತ್ತದೆ. ತೂತು ಬಿಡಿಸಿ, ಪಿನ್ ಉಜ್ಜಿ, ಎರಡು ಟರ್ಮಿನಲ್ ಬದಲಾಯಿಸಿದೆ. ಅವರು ಹೊರದೇಶದಿಂದ ತರಿಸಿದ್ದ ಹೊಸ ಸೆನ್ಸರಿನ ಡಬ್ಬಿಯನ್ನು ಸೀಲ್ ಒಡೆಯದೆ ವಾಪಸ್ ಕೊಟ್ಟೆ.

ಕೆಲವರು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಕೆಲವೇ ರೂಪಾಯಿಗೆ ಸಿಗುವ ರೆಸಿಸ್ಟರ್ ತಂದು ಸೆನ್ಸರ್ ಜಾಗಕ್ಕೆ ಬೆಸುಗೆ ಹಾಕಿಬಿಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಅದರ ಅಂಕಿ ಬದಲಾಗುವುದೇ ಇಲ್ಲ, ಹಾಗಾಗಿ ಯೂನಿಟ್‌ಗೆ ಯಾವಾಗಲೂ ಬೇಸಿಗೆಯೇ. ಡಿಸೆಂಬರ್ ಬೆಳಗ್ಗೆ ಶಾಲು ಹೊದ್ದು ಓಡಿಸಬೇಕಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಈ ಕಾರಿನ ಎಸಿ ಬಟನ್‌ಗಳ ಪ್ಯಾನಲ್‌ನಲ್ಲಿ ಪುಟ್ಟ ಜಾಲರಿ ಇರುತ್ತದೆ. ಅದರ ಹಿಂದೆ ಒಂದು ಚಿಕ್ಕ ಫ್ಯಾನ್ ಒಳಗಿನ ಗಾಳಿಯನ್ನು ಎಳೆದು ಇನ್ನೊಂದು ಸೆನ್ಸರ್ ಮೇಲೆ ಹಾಯಿಸುತ್ತದೆ. ಟಿಶ್ಯೂ ಪೇಪರಿನ ಸಣ್ಣ ಚೂರು ಅಲ್ಲಿ ಹಿಡಿಯಿರಿ. ಅಂಟಿಕೊಂಡರೆ ಫ್ಯಾನ್ ಸರಿ. ಇವರದು ಅಂಟಲಿಲ್ಲ, ಟಾಪ್ ತೆಗೆದು ಓಡಾಡಿದ್ದಕ್ಕೆ ಧೂಳು ಹತ್ತಿಯಂತೆ ಗಟ್ಟಿಯಾಗಿ ಕೂತಿತ್ತು. ಮೆತ್ತನೆ ಬ್ರಷ್‌ನಿಂದ ತೆಗೆದೆ. ಆದರೆ ಪ್ಯಾನಲ್ ಬಿಚ್ಚುವುದು ಗೊತ್ತಿದ್ದವರಿಗೇ ಬಿಡಿ. ಬ್ಯಾಟರಿ ತೆಗೆದರೆ ಹಳೇ ರೇಡಿಯೋ ಕೋಡ್ ಕೇಳುತ್ತದೆ. ಏರ್‌ಬ್ಯಾಗ್ ವೈರಿಗಂತೂ ಕೈ ಹಾಕಲೇಬೇಡಿ.

ಮಾರನೇ ದಿನ ಅವರು ನಂದಿ ಬೆಟ್ಟದ ದಾರಿಯಲ್ಲಿ ಕಾರು ನಿಲ್ಲಿಸಿ ಗಾಬರಿಯಿಂದ ಫೋನ್ ಮಾಡಿದರು. "ಮೊದಲು ಜೋರಾಗಿ ಬರ್ತಿತ್ತು, ಈಗ ಫ್ಯಾನ್ ತಾನಾಗೇ ನಿಧಾನ ಆಗ್ತಿದೆ."

"ಒಳಗೆ ಸೆಕೆ ಆಗ್ತಿದ್ಯಾ ಸಾರ್?"

"ಇಲ್ಲ, ಹಿತವಾಗಿದೆ."

"22 ಆಗಿದೆ, ಅದಕ್ಕೇ ನಿಧಾನ. ನೀವು ಬೆಟ್ಟ ಹತ್ತಿ."